ಸೀಸೆಯಲ್ಲಿ ಬಂದ ಸಮುದ್ರ

ರಜೆ ಬಂತೆಂದರೆ ಆ ತೋಟದ ಮನೆಯ ದೊಡ್ಡಪ್ಪನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಇಸ್ತ್ರಿ ಅಂಗಿ ತೊಟ್ಟು, ಮನೆಮಂದಿಯನ್ನೆಲ್ಲ ಎಬ್ಬಿಸಿ, ಬುತ್ತಿ ಕಟ್ಟಿಸಿ, ಸಮುದ್ರಕ್ಕೆ ಹೋಗುವ ಬಸ್ಸಿನಲ್ಲಿ ಯಾವ ಕಡೆ ಕೂತರೆ ಬಿಸಿಲು ಬೀಳದು ಎಂದು ತಾವು ಒಮ್ಮೆಯೂ ಹೋಗದ ದಾರಿಯನ್ನು ವಿವರಿಸುತ್ತಾರೆ. ಬಸ್ಸು ಬರುವ ಹೊತ್ತಿಗೆ ಮಾತ್ರ, "ನೀವು ಹೋಗ್ಬನ್ನಿ, ನಮ್ಮ ಮಹಾರಾಣಿ ಬೇರೆಯವರು ಹಾಲು ಕರೆಯೋಕೆ ಹೋದ್ರೆ ಒದೀತಾಳೆ" ಎಂದು ಕೊಟ್ಟಿಗೆಯ ಕಡೆ ತಿರುಗುತ್ತಾರೆ. ಮೂವತ್ತು ವರ್ಷದಲ್ಲಿ ಐದು ಹಸು ಬದಲಾದವು, ಐದೂ ಒದೆಯುವವೇ. ಊಟಕ್ಕೆ ಬಡಿಸುತ್ತ ದೊಡ್ಡಮ್ಮ, "ಉಪ್ಪು ಸರಿಯಿದೆಯಾ?" ಎಂದರೆ, "ಸಮುದ್ರದಷ್ಟಿಲ್ಲ ಬಿಡು" ಎನ್ನುತ್ತಾರೆ, ದಿನಾ ಅದರಲ್ಲೇ ಮಿಂದು ಬಂದವರ ಹಾಗೆ. ಹೋದ ವರ್ಷ ತಮ್ಮನ ಮಗಳು ಒಂದು ಸೀಸೆ ಸಮುದ್ರದ ನೀರು ತಂದುಕೊಟ್ಟಳು. "ನೀರಲ್ಲೇನಿದೆ ನೋಡೋಕೆ, ನಮ್ಮ ಬಾವೀಲಿಲ್ವಾ" ಎಂದು ಅದನ್ನು ಕೊಟ್ಟಿಗೆಯ ಕಿಟಕಿಯಲ್ಲಿಟ್ಟು ಮರೆತವರಂತೆ ಇದ್ದುಬಿಟ್ಟರು. ಈಗ ನೀರು ನಾಲ್ಕು ಬೆರಳು ಇಳಿದಿದೆ. ಕೇಳಿದರೆ, ಬಿಸಿಲಿಗೆ ಆರಿದೆ ಎನ್ನುತ್ತಾರೆ. ಸೀಸೆಯ ಬಾಯಿಗೆ ಬಿರಟೆ ಬಿಗಿಯಾಗಿಯೇ ಇದೆ. ಹಾಲು ಕರೆದು ಅವರು ಮೆಲ್ಲಗೆ ಬಾಯಿ ಚಪ್ಪರಿಸುತ್ತ ಒಳಗೆ ಬಂದ ದಿನ, ದೊಡ್ಡಮ್ಮ ಊಟದಲ್ಲಿ ಉಪ್ಪಿನ ಮಾತೆತ್ತುವುದಿಲ್ಲ.