ಕಂಡಕ್ಟರ್ ಮಾಮಾ ಮಾಡಿಸಿದ ಪಾಸು

ಅವರ ಎಡಗೈಯ ಬೆರಳುಗಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಗಳಲ್ಲಿ ಸಿಗಿಸಿಕೊಂಡು, ಮೂವತ್ತು ವರ್ಷಕ್ಕೂ ಮೇಲೆ ಬಸ್ಸಿನಲ್ಲಿ ನಿಂತೇ ದುಡಿದ ಕೈ ಅದು. ನಿವೃತ್ತರಾದ ಮೇಲೆ ನೋಟುಗಳ ಜಾಗಕ್ಕೆ ಚೀಟಿಗಳು ಬಂದವು. ಯಾವ ರೈಲು ಯಾವ ವಾರ, ಯಾವುದಕ್ಕೆ ದರ ಕಡಿಮೆ ಎಂದು ಬರೆದ ಚೀಟಿಗಳು. ನಮ್ಮೂರಾದ ಇಂಡಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವ್ವ ಅವರನ್ನು ತಮ್ಮಾ ಅನ್ನುತ್ತಿದ್ದಳು, ಹಾಗಾಗಿ ನನಗೆ ಅವರು ಕಂಡಕ್ಟರ್ ಮಾಮಾ.

ಬಸ್ಸಿನ ಅನ್ನ ಉಂಡು ರೈಲಿನ ಗುಣಗಾನ ಮಾಡುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಮುದ್ದೇಬಿಹಾಳ ಡಿಪೋದಲ್ಲಿದ್ದಾಗ, "ಹುಬ್ಬಳ್ಳಿ ತನಕ ಬಸ್ಸಿನ್ಯಾಗ ಯಾಕ ರೊಕ್ಕ ಸುರೀತಿ? ಆಲಮಟ್ಟಿಗೆ ಇಳದ ಪ್ಯಾಸೆಂಜರ್ ಹಿಡಿ" ಎಂದು ತಮ್ಮ ಬಸ್ಸಿನ ಗಿರಾಕಿಗಳನ್ನು ತಾವೇ ರೈಲಿಗೆ ಕಳಿಸುತ್ತಿದ್ದರಂತೆ. ಮೇಲಿನವರಿಂದ ಬೈಸಿಕೊಂಡದ್ದನ್ನೂ ಅವರೇ ಹೇಳಿ ನಗುತ್ತಿದ್ದರು. ಯಾರಾದರೂ ಊರಿಗೆ ಹೊರಟರೆ ನಮ್ಮ ಬಾಗಿಲ ಚೌಕಟ್ಟನ್ನು ಬಸ್ಸಿನ ಬಾಗಿಲೆಂದೇ ತಿಳಿದು ಎರಡು ಸಲ ಬಡಿದು, "ರೈಟ್!" ಅನ್ನುತ್ತಿದ್ದರು. ನನಗೆ ಮೊದಮೊದಲು ಇದು ತಲೆನೋವಾಗಿತ್ತು.

ನಾನು ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಸಂಬಳದ ಮಾತು ಬೇಡ. ಕೆಲವು ವರ್ಷಗಳ ಹಿಂದೆ ಅವ್ವನಿಗೆ ಎದೆಯಲ್ಲಿ ಗಂಟಾಗಿ, ಅದು ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಆಯಿತು. ಆಮೇಲೆ ಒಂಬತ್ತು ತಿಂಗಳು, ಮೂರು ವಾರಕ್ಕೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ಬರಬೇಕೆಂದರು. ಅವ್ವನ ತವರು ಸಿಂದಗಿ ಕಡೆಯ ಯಂಕಂಚಿ. ಅಲ್ಲಿಯವರು ಕೇಳಿದರೂ ಓಣಿಯವರು ಕೇಳಿದರೂ ನಮ್ಮದು ಒಂದೇ ಉತ್ತರ: ಮೊಣಕಾಲ ನೋವು. ನಿಜವಾದ ರೋಗದ ಹೆಸರನ್ನು ಬಾಯಿಗೆ ತರಬಾರದೆಂದು ಅವ್ವ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು.

ಆಸ್ಪತ್ರೆಯವರು ತಾರೀಖು ಹೇಳುತ್ತಿದ್ದುದೇ ತಡವಾಗಿ. ಅಷ್ಟರಲ್ಲಿ ರೈಲಿನ ಸೀಟೆಲ್ಲ ತುಂಬಿರುತ್ತಿತ್ತು. ಪ್ರತಿ ಸಲವೂ ಹೆಚ್ಚು ದರದ ತತ್ಕಾಲ್ ಟಿಕೆಟ್, ಇಬ್ಬರದು, ಹೋಗಿ ಬರುವುದು. ಮೂರನೇ ಸಲಕ್ಕೆ ನನ್ನ ಕೈ ಸೋತಿತು. ಮೊಬೈಲ್ ಹಿಡಿದು ಕಟ್ಟೆಯ ಮೇಲೆ ಕೂತಿದ್ದಾಗ ಮಾಮಾ ಇಣುಕಿದರು.

"ಮತ್ತ ತತ್ಕಾಲ್ ತೆಗಸಾಕತ್ತೀರೇನ್ರಿ ಅಕ್ಕೋರ?" ನಾನು ಟೀಚರ್ ಆದ ದಿನದಿಂದ ಅವರು ನನ್ನನ್ನು ಚುಡಾಯಿಸುತ್ತಿದ್ದುದೇ ಹೀಗೆ. "ಯಕ್ಕಗ ಏನ ಬ್ಯಾನಿ ಅಂದಿ?"

"ಮೊಣಕಾಲ್ರಿ ಮಾಮಾ."

ಅವರು ನನ್ನ ಮುಖವನ್ನೇ ನೋಡಿದರು. "ಹತ್ತ ವರ್ಷದ ಹುಡುಗಗ ಐದಂತ ಹೇಳಿ ಟಿಕೀಟ್ ಉಳಸವ್ರನ್ನ ದಿನಾ ನೋಡೇನಿ ನಾ. ಸುಳ್ಳ ಹೇಳವ್ರ ಮಾರಿ ನನಗ ಗೊತ್ತಾಗ್ತೈತಿ, ತಂಗಿ. ಖರೇ ಹೇಳು."

ಆಣೆ ಮುರಿದೆ. ಹೇಳಿ ಅತ್ತುಬಿಟ್ಟೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಕನ್ನಡಕ ಏರಿಸಿ, "ಹುಚ್ಚಿ, ಆ ಬ್ಯಾನಿ ಇದ್ದವ್ರಿಗೆ ರೈಲಿನ್ಯಾಗ ಸವಲತ್ತ ಐತಿ" ಅಂದರು. ಆಸ್ಪತ್ರೆಯಲ್ಲೇ ಒಂದು ಫಾರ್ಮು ಕೊಡುತ್ತಾರೆ, ಡಾಕ್ಟರ ಸಹಿ ಮತ್ತು ಸಿಕ್ಕಾ-ಮೊಹರು ಇರಬೇಕು, ಮೊಬೈಲಿನಲ್ಲಿ ಅಲ್ಲ, ಸ್ಟೇಷನ್ನಿನ ಕೌಂಟರಿಗೇ ಹೋಗಿ ತೆಗೆಸಬೇಕು. ತತ್ಕಾಲ್‌ನಲ್ಲಿ ಮಾತ್ರ ಅದು ನಡೆಯುವುದಿಲ್ಲ, ಅದಕ್ಕೇ ಆಸ್ಪತ್ರೆಯಲ್ಲಿ ಮುಂದಿನ ತಾರೀಖನ್ನು ಮೊದಲೇ ಬರೆಸಿಕೊಳ್ಳಬೇಕು. ಸ್ಲೀಪರ್‌ನಲ್ಲಿ ರೋಗಿಗೆ ದರವೇ ಇಲ್ಲ, ಜೊತೆಗೆ ಹೋಗುವವರು ಕಾಲು ಭಾಗ ಕೊಟ್ಟರೆ ಸಾಕು. ಇಷ್ಟು ದಿನ ಇದನ್ನು ಕೇಳದೆ ಹೋಗಿದ್ದೇಕೆಂದರೆ, ಕೇಳಲು ಆ ಹೆಸರನ್ನು ಹೇಳಬೇಕಿತ್ತು.

ಆ ಸಲ ಆಸ್ಪತ್ರೆಯಲ್ಲಿ ಫಾರ್ಮು ಬರೆಸಿಕೊಂಡು ಬಂದು, ಮುಂದಿನ ಸಲ ಆ ಟಿಕೆಟ್ಟಿನಲ್ಲೇ ಹೊರಟೆವು. ಎದುರು ಸೀಟಿನಲ್ಲಿ ಬಸವನ ಬಾಗೇವಾಡಿಯ ಹೆಂಗಸೊಬ್ಬರು. ಹತ್ತು ನಿಮಿಷದಲ್ಲೇ ಅವ್ವನಿಗೂ ಅವರಿಗೂ ದೂರದ ಬೀಗತನ ಸಿಕ್ಕಿಬಿಟ್ಟಿತು. ಆಗಲೇ ಟಿಕೆಟ್ ನೋಡುವವರು ಬಂದರು. ಪಟ್ಟಿ ನೋಡಿ ಮೆತ್ತಗೆ, "ಏನ್ ಕಾಯಿಲೆಮ್ಮಾ?" ಎಂದು ಕೇಳಿದರು.

"ಮೊಣಕಾಲ್ರಿ" ಅಂದಳು ಅವ್ವ.

"ಮೊಣಕಾಲಿಗೆ ಈ ರಿಯಾಯಿತಿ ಇಲ್ವಲ್ಲಮ್ಮ!"

ನಾನು ಗಡಬಡಿಸಿ ಚೀಲದಿಂದ ಕಾಗದ ತೆಗೆದೆ. ಅವರು ಓದಿ, ತಲೆಯಾಡಿಸಿ, ಮುಂದೆ ಹೋದರು. ತಪ್ಪೇನೂ ಆಡಲಿಲ್ಲ. ಆದರೆ ಬಾಗೇವಾಡಿಯವರು ಆ ಕಾಗದ ನೋಡಿದ್ದರು, ಅವರು ನೋಡಿದ್ದನ್ನು ಅವ್ವ ನೋಡಿದ್ದಳು. ಬೆಂಗಳೂರು ಬರುವ ತನಕ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ವಾಪಸ್ಸು ಬಂದವಳೇ ಚೀಲ ಕೆಳಗಿಟ್ಟು ಹೇಳಿದಳು: "ಇನ್ನ ನಾ ಹೋಗೂದಿಲ್ಲ. ಪುಕ್ಕಟೆ ಟಿಕೀಟಿನ ಸಲುವಾಗಿ ನನ್ನ ಬ್ಯಾನಿ ಊರಿಗೆಲ್ಲಾ ಡಂಗುರ ಹೊಡೀಬೇಕೇನ? ಹ್ಯಾಂಗ ಆಗ್ತೈತೋ ಹಾಂಗ ಆಗ್ಲಿ."

ಪೂರ್ತಿ ದರ ಕೊಟ್ಟು ಕರೆದೊಯ್ಯುವ ತಾಕತ್ತು ನನಗಿರಲಿಲ್ಲ. ಔಷಧ ನಡುವೆ ನಿಲ್ಲಿಸಿದರೆ ಏನಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಗೋಡೆಯ ಆಚೆ ಓಡಿದೆ.

ಮಾಮಾ ಮೊಣಕಾಲಿನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರನ್ನು ಹೊಡೆಯುವಷ್ಟು ಸಿಟ್ಟು ಬಂತು ನನಗೆ. ಆಮೇಲೆ ಒಳಗೆ ಹೋಗಿ ಟ್ರಂಕು ತೆಗೆದು, ತಮ್ಮ ಬಸ್ ಪಾಸು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಯಕ್ಕಾ, ಇದೇನ ನೋಡು. ನನ್ನ ಪಾಸು. ಸರ್ವಿಸ್ ಪೂರಾ ಇದರ ಮ್ಯಾಲೆ ಅಡ್ಡಾಡೇನಿ. ನನಗ ಪುಕ್ಕಟೆ ಗಿರಾಕಿ ಅಂತ ಯಾವನರೆ ಅಂದಾನೇನ?"

ಅವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

"ಸಾಲಿ ಹುಡುಗ್ರೂ ಪಾಸು ತೋರಸ್ತಿದ್ರು ನನಗ. ಹ್ಯಾಂಗ ಅಂತಿ? ಎದಿ ಎತ್ತಿ! ಪಾಸು ಅಂದ್ರ ಮರ್ಯಾದಿದ್ದು. ನಿನಗ ಆಸ್ಪತ್ರ್ಯಾಗ ಕೊಟ್ಟದ್ದೂ ಪಾಸೇ. ಒಂಬತ್ತ ತಿಂಗಳ ಸಾಲಿ ಹಚ್ಯಾರ ನಿನಗ. ಸಣ್ಣಾಕಿ ಇದ್ದಾಗಂತೂ ಹೋಗಲಿಲ್ಲ, ಈಗರೆ ಹೋಗು."

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತವರಿನಲ್ಲಿ ಅಣ್ಣಂದಿರು ಪಾಟಿ ಹಿಡಿದು ಹೋಗುವಾಗ ಕುರಿಮರಿ ನೋಡಿಕೊಂಡು ಮನೆಯಲ್ಲಿ ಉಳಿದವಳು. ಅದು ಮಾಮಾಗೆ ಗೊತ್ತಿತ್ತು. ಗೋಡೆಯ ಕಡೆಯಿಂದಲೇ ಒಂದು ದನಿ ಬಂತು: "ಸಾಲಿಗೆ ಈ ವಯಸ್ಸಿನ್ಯಾಗ ತೊಗೋತಾರೇನೋ ತಮ್ಮಾ?"

ಮರುದಿನ ಅವ್ವ ಆ ಕಾಗದಗಳಿಗೆಂದು ಪ್ಲಾಸ್ಟಿಕ್ ಪಾಕೀಟು ತರಿಸಿಕೊಂಡಳು. ಮುಂದಿನ ಪ್ರಯಾಣದಲ್ಲಿ ಟಿಕೆಟ್ ನೋಡುವವರು ಇನ್ನೂ ಎರಡು ಸೀಟು ಆಚೆ ಇರುವಾಗಲೇ ಎದ್ದು ಕೂತು, "ಪಾಸ್ ಐತ್ರಿ" ಎಂದು ಪಾಕೀಟು ಮುಂದೆ ಹಿಡಿದಳು. ಮಕ್ಕಳಿಗೆ ದಿನವೂ ಪಾಠ ಹೇಳುವ ನಾನು ಅಂಥ ವಿದ್ಯಾರ್ಥಿನಿಯನ್ನು ನೋಡಿರಲಿಲ್ಲ. ಅದೇ ಸಲ ಆಲಮಟ್ಟಿಯಲ್ಲಿ ಹತ್ತಿದ್ದ ತಂಗಡಗಿಯ ಹೆಂಗಸೊಬ್ಬಳು ಅವ್ವನ ಕಿವಿಯ ಹತ್ತಿರ ಬಂದು, "ನನಗೂ ಅದ ಬ್ಯಾನಿ ಐತ್ರಿ ಯಕ್ಕಾ. ಪೂರಾ ರೊಕ್ಕಾ ಕೊಟ್ಟ ಹೊಂಟೇನಿ. ಈ ಪಾಸು ಎಲ್ಲಿ ಕೊಡ್ತಾರ?" ಎಂದು ಕೇಳಿದಳು. ಅವ್ವ ಅವಳಿಗೆ ಎಲ್ಲವನ್ನೂ ವಿವರಿಸಿದಳು, ಆ ಹೆಸರನ್ನೂ ಸೇರಿಸಿ, ಸಣ್ಣ ದನಿ ಮಾಡದೆ.

ಒಂಬತ್ತು ತಿಂಗಳು ಮುಗಿದ ದಿನ ಡಾಕ್ಟರು ರಿಪೋರ್ಟು ನೋಡಿ, ಎಲ್ಲ ಚೆನ್ನಾಗಿದೆ, ಇನ್ನು ಆರು ತಿಂಗಳು ಬಿಟ್ಟು ಬನ್ನಿ ಅಂದರು. ಹೊರಗೆ ಬಂದವಳೇ ಅವ್ವ ನನ್ನ ಮೊಬೈಲ್ ಕಸಿದುಕೊಂಡಳು.

"ನಾ ಪಾಸಾದೆನೋ ತಮ್ಮಾ!"

ಆ ಕಡೆಯಿಂದ ಬಾಗಿಲು ಎರಡು ಸಲ ಬಡಿದ ಸದ್ದು, ಆಮೇಲೆ ಒಂದು "ರೈಟ್!"

ಮಾಮಾ ಹೋಗಿ ಈಗ ವರ್ಷವಾಯಿತು. ಬೆಳಿಗ್ಗೆ ಚಹಾ ಕುಡಿಯುತ್ತ ಕೂತವರು ಎದೆನೋವೆಂದರು, ಆಸ್ಪತ್ರೆ ಮುಟ್ಟಲಿಲ್ಲ. ನನ್ನ ಅವ್ವ ಇವತ್ತು ರೊಟ್ಟಿ ಬಡಿಯುತ್ತಿದ್ದರೆ ಅದರಲ್ಲಿ ಡಾಕ್ಟರ ಪಾಲು ಎಷ್ಟೋ ಮಾಮಾರ ಪಾಲೂ ಅಷ್ಟೇ. ಇದನ್ನು ಅವರ ಎದುರು ಹೇಳಲಿಲ್ಲ ಎಂಬ ಸಂಕಟ ನನಗೆ ಉಳಿದೇ ಇದೆ.

ಅವ್ವನ ಹತ್ತಿರ ಈಗ ಖಾಲಿ ಫಾರ್ಮುಗಳ ಒಂದು ಕಟ್ಟೇ ಇದೆ. ಸಿಂದಗಿ ಕಡೆಯಿಂದಲೂ ಬಾಗೇವಾಡಿ ಕಡೆಯಿಂದಲೂ ಹೆಂಗಸರು ಫೋನು ಮಾಡುತ್ತಾರೆ. ಮೊಣಕಾಲ ನೋವು ಎಂದು ಶುರು ಮಾಡುವವರನ್ನು ಅವಳು ಬೇಗ ಹಿಡಿಯುತ್ತಾಳೆ. ಮೊನ್ನೆ ಸಂಜೆ ತಂಗಡಗಿಯವಳ ಫೋನು ಬಂತು. ಅವಳ ಚಿಕಿತ್ಸೆ ಮುಗಿದಿತ್ತು, ತಪಾಸಣೆಗೆಂದು ಕೊನೆಯ ಸಲ ಹೊರಟು ಆಲಮಟ್ಟಿ ಸ್ಟೇಷನ್ನಿನಲ್ಲಿ ನಿಂತಿದ್ದಳು.

"ಗಾಡಿ ಬಂತ್ರೀ ಯಕ್ಕಾ, ಹತ್ತಾಕತ್ತೇನಿ."

ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಬಾಗಿಲ ಚೌಕಟ್ಟನ್ನು ಎರಡು ಸಲ ಬಡಿದಳು.

"ರೈಟ್!"