ಮೂರಕ್ಕೋ ನಾಲ್ಕಕ್ಕೋ

ಆಗ ಜಪಾನಿ ಭಾಷಾ ಪರೀಕ್ಷೆಯಲ್ಲಿ ನಾಲ್ಕನೆಯ ಹಂತವೇ ಎಲ್ಲಕ್ಕಿಂತ ಸುಲಭ, ಮೂರನೆಯದು ಅದಕ್ಕಿಂತ ಕಷ್ಟ. ಯಾವುದಕ್ಕೆ ಕೂರುವುದೆಂದು ನನಗೆ ಬಗೆಹರಿದಿರಲಿಲ್ಲ. ಅಷ್ಟರಲ್ಲಿ ಕಾರವಾರದ ನಮ್ಮ ಕಚೇರಿಗೆ ಜಪಾನಿನ ಇಂಜಿನಿಯರೊಬ್ಬರು ಬಂದರು. ಕ್ಯಾಸೆಟ್ ಕೇಳಿ ಕಲಿತ ವಾಕ್ಯಗಳನ್ನೆಲ್ಲ ಅವರೆದುರು ಒಂದೇ ಉಸಿರಿಗೆ ಒದರಿದೆ. ಅವರು ತಲೆಬಾಗಿ, “ನಿಮ್ಮ ಜಪಾನಿ ಬಹಳ ಚೆನ್ನಾಗಿದೆ” ಎಂದರು. ಮುಗಿಯಿತು, ನಾನು ಮನಸ್ಸಿನಲ್ಲೇ ಮೂರನೆಯ ಹಂತಕ್ಕೆ ಹತ್ತಿ ಕುಳಿತೆ.

ಮಧ್ಯಾಹ್ನ ಅವರನ್ನು ಅಂಕೋಲೆಯ ಖಾನಾವಳಿಗೆ ಮೀನೂಟಕ್ಕೆ ಕರೆದೊಯ್ದೆ. ಬಡಿಸಲು ಬಂದ ಯಜಮಾನತಿಗೆ ಅವರು “ಸಾಕು” ಎಂದರು. ಬೆಳಿಗ್ಗೆ ನಮ್ಮ ಡ್ರೈವರ್ ಕಲಿಸಿದ್ದ ಆ ಒಂದು ಪದ ಬಿಟ್ಟರೆ ಅವರಿಗೆ ಬೇರೆ ಕನ್ನಡ ಬಾರದು.

ಆಕೆ ಸೌಟು ಹಿಡಿದು ನಿಂತೇಬಿಟ್ಟರು. “ಅಯ್ಯೋ ದೇವರೇ, ಎಷ್ಟ್ ಚಂದ ಕನ್ನಡ ಮಾತಾಡ್ತಾರಲ್ರಾ ಇವ್ರು!”

“ಹೌದೌದು, ಭಾರೀ ಚಲೋ ಮಾತಾಡ್ತಾರೆ” ಎಂದು ನಾನೂ ದನಿಗೂಡಿಸಿದೆ. ಅಂದ ಮೇಲೆ ಹೊಳೆಯಿತು. ಬೆಳಿಗ್ಗೆ ಅವರು ನನ್ನನ್ನು ಹೊಗಳಿದ್ದೂ ಹೀಗೇ ಅಲ್ಲವೇ?

ನಾಲ್ಕನೆಯ ಹಂತಕ್ಕೇ ಅರ್ಜಿ ಹಾಕಿದೆ, ಖುಷಿಯಿಂದ ಪಾಸೂ ಆದೆ.

ಆ ಯಜಮಾನತಿ ಮಾತ್ರ ಅಂದು, ಅಷ್ಟು ಚಂದದ ಕನ್ನಡದಲ್ಲಿ ಸಾಕು ಎಂದವರ ತಟ್ಟೆಗೆ ಇನ್ನೊಂದು ಬಂಗಡೆ ಹಾಕಿಯೇ ಹೋದರು.