ಸತ್ತ ಉಸುಕು

ಸುನಂದಾ, ನಿನ್ನ ಫೌಂಡ್ರಿ ಮುಳುಗಿದ್ದು ನಿನ್ನ ಕೈಯಿಂದಲ್ಲ. ನಾನು ಮುಳುಗಿಸಿದೆ. ಹೆಪ್ಪು ಎಂದು ನಾನು ನಿನಗೆ ಕಳಿಸಿದ ಉಸುಕು ಸತ್ತ ಉಸುಕಾಗಿತ್ತು — ಗೊತ್ತಾಗದೆ ಕಳಿಸಿದ್ದಲ್ಲ, ಎದುರಿಗೆ ನಿಂತು ತುಂಬಿಸಿ ಕಳಿಸಿದ್ದು.

ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು. ಬರೆದು ನೋಡಿದರೆ ಒಂದೆರಡು ಸಾಲು, ಅಷ್ಟೇ.

ನಮ್ಮ ಕೆಲಸ ಗೊತ್ತಿಲ್ಲದವರೂ ಇದನ್ನು ಓದಬಹುದು, ಅವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸಿ ಉಸುಕಿನ ಅಚ್ಚಿಗೆ ಹೊಯ್ಯುತ್ತೇವೆ. ಆರಿದ ಮೇಲೆ ಅಚ್ಚು ಒಡೆದು ಒಳಗಿನ ವಸ್ತು ತೆಗೆದು, ಅದೇ ಉಸುಕನ್ನು ಹದ ಮಾಡಿ ಮತ್ತೆ ಬಳಸುತ್ತೇವೆ. ಬರೀ ಹೊಸ ಉಸುಕು ಕಾವಿಗೆ ಬೆದರಿ ಬಿರಿಯುತ್ತದೆ. ಕಾವು ಕಂಡು ಪಳಗಿದ ಉಸುಕನ್ನು ಅದಕ್ಕೆ ಬೆರೆಸಿದರೆ ಹದ ಕೂಡುತ್ತದೆ. ಹಾಗಾಗಿ ಬೆಳಗಾವಿಯಲ್ಲಿ ನಾವು ನಾಲ್ಕಾರು ಫೌಂಡ್ರಿಯವರ ನಡುವೆ ಒಂದು ಪದ್ಧತಿ ಬೆಳೆದುಬಂದಿತ್ತು. ಯಾರೇ ಹೊಸದಾಗಿ ಭಟ್ಟಿ ಹಚ್ಚಲಿ, ಹಳಬನೊಬ್ಬ ತನ್ನಲ್ಲಿಯ ಪಳಗಿದ ಉಸುಕನ್ನು ಒಂದು ಟೆಂಪೊ ಕಳಿಸಿಕೊಡಬೇಕು. ಅದಕ್ಕೆ ಹೆಪ್ಪು ಎನ್ನುತ್ತೇವೆ. ಬದಲಿಗೆ ತೆಂಗಿನಕಾಯಿ ಬಿಟ್ಟು ಏನನ್ನೂ ಮುಟ್ಟುವಂತಿಲ್ಲ. ಹೆಪ್ಪಿನ ಉಸುಕನ್ನು ಪರೀಕ್ಷೆ ಮಾಡುವಂತೆಯೂ ಇಲ್ಲ. ಪಕ್ಕದ ಮನೆಯಾಕೆ ಹೆಪ್ಪಿಗೆಂದು ಕೊಟ್ಟ ಮೊಸರನ್ನು ಅವಳೆದುರೇ ಮೂಸಿ ನೋಡುತ್ತೇವೆಯೇ? ಹಾಗೆ ಮಾಡಿದರೆ ಕೊಟ್ಟವರ ಮುಖಕ್ಕೆ ಹೊಡೆದಂತೆ.

ನನಗೆ ಹೆಪ್ಪು ಕೊಟ್ಟವರು ನಮ್ಮ ಫೌಂಡ್ರಿಯವರಲ್ಲೆಲ್ಲ ಹಿರಿಯರಾದ ದಾದಾ. ಮನೆಮಾತು ಮರಾಠಿ, ಬೈಗುಳ ಮಾತ್ರ ಅಪ್ಪಟ ಕನ್ನಡ. ಅವರು ಉಸುಕು ಕಳಿಸಿ ಸುಮ್ಮನಾಗಲಿಲ್ಲ. ನಾನು ಮೊದಲ ಸಲ ಕಬ್ಬಿಣ ಹೊಯ್ಯುವಾಗ ಧೋತರ ಎತ್ತಿಕಟ್ಟಿ ಪಕ್ಕದಲ್ಲೇ ನಿಂತಿದ್ದರು. ಎರಕ ಆರಿದ ಮೇಲೆ ಸುತ್ತಿಗೆಯಿಂದ ಒಮ್ಮೆ ತಟ್ಟಿದರು — ಅದು ಗಂಟೆಯಂತೆ ದನಿಕೊಟ್ಟಿತು. "ಕೇಳಿದೇನ? ಒಳಗ ಗಟ್ಟಿ ಐತಿ. ನಾಳಿಗೆ ನೀನೂ ಇನ್ನೊಬ್ಬರಿಗೆ ಹಿಂಗ ಕೊಡಬೇಕ್ ನೋಡು," ಅಂದರು. ನಾನು ಅವರ ಕಾಲು ಮುಟ್ಟಿದೆ. ಕೊಡುತ್ತೇನೆ ಅಂದೆ.

ಆಮೇಲೆ ನೀನು ಬಂದೆ.

ಖಾನಾಪುರದಿಂದ ದಿನಾ ಬಸ್ಸು ಹಿಡಿದು ಬರುತ್ತಿದ್ದ ಹುಡುಗಿ. ನನ್ನ ಆಫೀಸಿನಲ್ಲಿ ಗಿರಾಕಿಗಳ ಜೊತೆ ಮಾತಾಡುವುದು, ಮಾಲು ಸಮಯಕ್ಕೆ ಕಳಿಸುವುದು ನಿನ್ನ ಕೆಲಸ. ಕನ್ನಡದವನಿಗೆ ಕನ್ನಡ, ಮರಾಠಿಯವನಿಗೆ ಮರಾಠಿ, ಸಿಟ್ಟಿಗೆದ್ದವನಿಗೆ ಒಂದು ಕಪ್ ಚಹಾ. ನೀನು ಬಂದ ಮೇಲೆ ನನ್ನ ಗಿರಾಕಿಗಳು ಹೆಚ್ಚಾದರು — ಅದನ್ನು ನಿನಗೆ ಒಂದು ದಿನವೂ ಹೇಳಲಿಲ್ಲ. ನೀರಿನ ಪಂಪು ತಯಾರಿಸುವ ಗಿರಾಕಿಯೊಬ್ಬ ಮಾತ್ರ ನನ್ನ ಎದುರಿಗೇ ನಕ್ಕು ಹೇಳಿದ್ದ: "ನಿಮ್ಮ ಫೌಂಡ್ರಿ ಅಂದ್ರ ಸುನಂದಾ ಮೇಡಮ್ಮರ ಅಲ್ರೀ!" ನಾನೂ ನಕ್ಕೆ. ಆ ಮಾತು ಎಲ್ಲೋ ಒಳಗೆ ಮುಳ್ಳಿನಂತೆ ಉಳಿಯಿತು.

ಸರ್ಕಾರದ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಶೆಡ್ಡು ಸಿಗುತ್ತದೆಂದು ತಿಳಿದಾಗ ನೀನು ಮೊದಲು ಬಂದದ್ದು ನನ್ನ ಹತ್ತಿರ. ಪೀರನವಾಡಿ ದಾಟಿದ ಮೇಲೆ, ಖಾನಾಪುರ ರಸ್ತೆಯ ಮೇಲಿನ ಶೆಡ್ಡು. ಸಣ್ಣ ಸಣ್ಣ ಎರಕ ಮಾಡುತ್ತೇನೆ, ನಿಮ್ಮ ಮಾಲಿಗೆ ಕೈ ಹಚ್ಚುವುದಿಲ್ಲ ಎಂದು ನೀನೇ ಹೇಳಿದೆ. ನಾನು ಕೇಳಿರಲೂ ಇಲ್ಲ.

"ಕಾಕಾ, ಹೆಪ್ಪು ಮಾತ್ರ ನೀವ ಕೊಡಬೇಕ್ರಿ. ಬ್ಯಾರೆಯವ್ರದು ನನಗ ಬ್ಯಾಡ."

ನೋಡು, ನನಗೆ ನಿನ್ನಿಂದ ನಷ್ಟವಿರಲಿಲ್ಲ. ಹೊಟ್ಟೆಪಾಡಿನ ಭಯವಾಗಿದ್ದರೆ ಅದಕ್ಕೊಂದು ಹೆಸರಾದರೂ ಇರುತ್ತಿತ್ತು. ಇದು ಬರೀ ಹೊಟ್ಟೆಕಿಚ್ಚು. ನನ್ನ ಅಂಗಳದಲ್ಲಿ ಕಲಿತವಳು ನನ್ನ ಸರಿಸಮ ನಿಲ್ಲುತ್ತಾಳೆ, ಊರು ಚಪ್ಪಾಳೆ ತಟ್ಟುತ್ತದೆ, ಮತ್ತು ನಾನು — ನಾನು ಏನಾಗುತ್ತೇನೆ? ಇಷ್ಟೇ ಇದ್ದದ್ದು. ಇದಕ್ಕಿಂತ ದೊಡ್ಡದೇನಾದರೂ ಇದ್ದೀತೆಂದು ನಾನು ಬಹಳ ಹುಡುಕಿದ್ದೇನೆ.

ನಮ್ಮ ಫೌಂಡ್ರಿಯ ಹಿತ್ತಲಿನಲ್ಲಿ ಸುಟ್ಟ ಉಸುಕಿನ ಗುಡ್ಡೆ ಇತ್ತು. ಕಾವು ಮಿತಿಮೀರಿ ಉಸುಕಿನೊಳಗಿನ ಜಿಗುಟು ಸತ್ತುಹೋದರೆ ಅದು ಯಾತಕ್ಕೂ ಬರುವುದಿಲ್ಲ, ಎಸೆಯಬೇಕು. ಕಣ್ಣಿಗೆ ಮಾತ್ರ ಪಳಗಿದ ಉಸುಕಿನ ಹಾಗೇ ಕಪ್ಪಗೆ ಕಾಣುತ್ತದೆ. ಟೆಂಪೊ ಬಂದು ನಿಂತಾಗ ನಾನು ಯಲ್ಲಪ್ಪನಿಗೆ ಆ ಗುಡ್ಡೆ ತೋರಿಸಿದೆ. ಎಷ್ಟೋ ವರ್ಷದಿಂದ ನಮ್ಮ ಟೆಂಪೊ ಓಡಿಸುತ್ತಿದ್ದವನು. ಸಲಿಕೆ ಹಿಡಿದವನು ಹಾಗೇ ನಿಂತ.

"ಸಾಹೇಬ್ರ, ಇದು ಒಗಿಯೂ ಉಸುಕಲ್ರಿ?"

"ಹೇಳಿದಷ್ಟ ಮಾಡು. ತುಂಬು."

ಅವನು ತುಂಬಿದ. ನನ್ನ ಕಡೆ ಮತ್ತೆ ನೋಡಲಿಲ್ಲ. ನಾನು ಮಾತ್ರ ಅಲ್ಲಿಂದ ಕದಲದೆ ನೋಡುತ್ತ ನಿಂತಿದ್ದೆ. ಆಗಲಾದರೂ ಸಾಕು ಎನ್ನಬಹುದಿತ್ತು, ಎಲ್ಲ ಕೆಳಗೆ ಸುರಿ ಎನ್ನಬಹುದಿತ್ತು...

ಟೆಂಪೊದ ಜೊತೆ ನಾನೂ ನಿನ್ನ ಶೆಡ್ಡಿಗೆ ಬಂದೆ. ನೀನು ಆ ಉಸುಕಿಗೆ ಕುಂಕುಮ ಹಚ್ಚಿ ಇಳಿಸಿಕೊಂಡೆ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಚುಕಿದೆ — ಪರೀಕ್ಷೆಗಲ್ಲ, ಸಂತೋಷಕ್ಕೆ. ಹಿಡಿ ಬಿಚ್ಚಿದಾಗ ಅದು ಬೆರಳ ಸಂದಿಯಿಂದ ಉದುರಿಹೋಯಿತು. ನನ್ನ ಮುಖ ನೋಡಿದೆ.

"ಕಾಕಾ, ಮುಷ್ಟಿನ್ಯಾಗ ನಿಲ್ಲವಲ್ದಲ್ರಿ ಇದು?"

"ದಾರ್ಯಾಗ ಒಣಗೇತಿ. ನೀರು ಜಾಸ್ತಿ ಹಾಕು, ಕೂಡ್ತೈತಿ."

ಇದು ನನ್ನ ಎರಡನೆಯ ಪಾಪ. ಸತ್ತ ಉಸುಕಿಗೆ ನೀರು ಹೆಚ್ಚು ಹಾಕಿದರೆ ಅಚ್ಚು ನಿಂತಂತೆ ಕಾಣುತ್ತದೆ. ಆದರೆ ಕಾದ ಕಬ್ಬಿಣ ಬಿದ್ದೊಡನೆ ಆ ನೀರೆಲ್ಲ ಆವಿಯಾಗಿ ಎರಕದೊಳಗೇ ಸಿಕ್ಕಿಕೊಳ್ಳುತ್ತದೆ. ಹೊರಗೆ ನುಣ್ಣಗೆ, ಒಳಗೆಲ್ಲ ತೂತು. ಗಿರಾಕಿ ಲೇಥಿಗೆ ಹಾಕಿ ಕಡೆದಾಗಲೇ ಗೊತ್ತಾಗುವುದು. ನನಗೆ ಇದು ಗೊತ್ತಿತ್ತು. ಆಫೀಸಿನಲ್ಲಿ ಕೂತು ಮಾಲು ಕಳಿಸುವುದನ್ನಷ್ಟೇ ನೋಡಿಕೊಳ್ಳುತ್ತಿದ್ದ ನಿನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ನೀನು ನನ್ನನ್ನು ಕೇಳಿದ್ದು.

ನಿನ್ನ ಮೊದಲ ಮಾಲು ಹಿಂದಕ್ಕೆ ಬಂತು. ಎರಡನೆಯದೂ ಬಂತು. ನೀನು ಕಬ್ಬಿಣ ಬದಲಿಸಿದೆ, ಕಲ್ಲಿದ್ದಲು ಬದಲಿಸಿದೆ, ಕೆಲಸದವರನ್ನೂ ಬದಲಿಸಿದೆ. ಉಸುಕಿನ ಮೇಲೆ ನಿನಗೆ ಸಂಶಯ ಬರಲೇ ಇಲ್ಲ. ಅದು ಕಾಕಾ ಕೊಟ್ಟ ಹೆಪ್ಪು. ಗಿರಾಕಿಗಳು ಒಬ್ಬೊಬ್ಬರಾಗಿ ನಿನ್ನ ಬಾಗಿಲಿಗೆ ಬರುವುದು ಬಿಟ್ಟರು — ಕೆಲವರು ನನ್ನ ಬಾಗಿಲಿಗೆ ಬಂದರು. ನಾನು ಅವರಿಗೆ ಕುರ್ಚಿ ಕೊಟ್ಟು ಕೂರಿಸಿದೆ.

ಕೊನೆಗೊಮ್ಮೆ ನೀನೇ ಬಂದೆ. ಒಂದು ಒಡೆದ ಎರಕವನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದು ನನ್ನ ಟೇಬಲ್ಲಿನ ಮೇಲೆ ಇಟ್ಟೆ. ಒಳಗೆಲ್ಲ ಜೇನುಗೂಡಿನಂತೆ ತೂತು. ನೀನು ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ, ಹೇಳಲಾರೆ.

"ಖರೇ ಹೇಳ್ರಿ ಕಾಕಾ, ನನ್ನ ಕೈಗುಣನ ಛಲೋ ಇಲ್ಲೇನ್ರಿ?"

ಒಂದು ಮಾತು ಸಾಕಿತ್ತು. ಉಸುಕು ಬದಲಿಸು — ಇಷ್ಟೇ. ನೀನು ಮತ್ತೆ ಎದ್ದು ನಿಲ್ಲುತ್ತಿದ್ದೆ. ನಾನು ಆ ಎರಕವನ್ನು ತಿರುಗಿಸಿ ಮುರುಗಿಸಿ ನೋಡಿದೆ, ಹೊಸದಾಗಿ ನೋಡುವವನಂತೆ. ಆಮೇಲೆ ಹೇಳಿದೆ:

"ಇರಬಹುದವಾ. ಕಬ್ಬಿಣ ಎಲ್ಲಾರ ಕೈಗೂ ಒಲಿಯಂಗಿಲ್ಲ."

ನೀನು ತಲೆಯಾಡಿಸಿದೆ. ನಿನ್ನ ಎರಡೂ ಕೈಗಳನ್ನು ನೋಡಿಕೊಂಡೆ — ಯಾರದೋ ಕೈಗಳನ್ನು ನೋಡುವಂತೆ. ಎರಕ ಅಲ್ಲೇ ಬಿಟ್ಟು ಹೋದೆ. ಉಸುಕು ನಿನ್ನ ಒಂದು ವರ್ಷವನ್ನು ತಿಂದಿತ್ತು. ಈ ಮಾತು ಉಳಿದದ್ದನ್ನೆಲ್ಲ ತಿಂದಿತು.

ಆಮೇಲಿನದು ಊರಿಗೆ ಗೊತ್ತು. ನೀನು ಶೆಡ್ಡು ಬಿಟ್ಟುಕೊಟ್ಟು ಖಾನಾಪುರದಲ್ಲಿ ಅಣ್ಣನ ಮನೆ ಸೇರಿದೆ. ನಾನು ದೊಡ್ಡವನಾದೆ. ಹೊಸ ಉದ್ಯಮಿಗಳಿಗೆ ಬುದ್ಧಿ ಹೇಳುವ ಸಭೆಗಳಿಗೆಲ್ಲ ನನ್ನನ್ನೇ ಕರೆಯುತ್ತಾರೆ. ಶಾಲು ಹೊದಿಸುತ್ತಾರೆ. ನಾನು ಪ್ರತಿ ಸಲವೂ ಒಂದು ಮಾತು ಹೇಳುತ್ತೇನೆ — "ಸರ್ಕಾರ ಜಾಗ ಕೊಟ್ಟೀತು, ಕರೆಂಟು ಕೊಟ್ಟೀತು, ತರಬೇತಿ ಕೊಟ್ಟೀತು. ಹೆಪ್ಪು ಮಾತ್ರ ನಾವು ನಾವೇ ಕೊಡಬೇಕು." ಜೋರು ಚಪ್ಪಾಳೆ ಬೀಳುತ್ತದೆ. ಮಾತು ನಿಜವೇ, ಅದರಲ್ಲಿ ಸುಳ್ಳಿಲ್ಲ. ಸರ್ಕಾರ ನಿನಗೆ ಕೊಡಬೇಕಾದದ್ದನ್ನೆಲ್ಲ ಕೊಟ್ಟಿತ್ತು. ತಪ್ಪಿದ್ದು ನನ್ನ ಒಂದು ಟೆಂಪೊ.

ಮಿಲಿಟರಿ ಕ್ಯಾಂಪಿನ ಕಡೆ ಬೆಳಗಿನ ವಾಕಿಂಗಿಗೆ ಹೋಗುತ್ತೇನೆ. ಅಲ್ಲಿಯ ಚರ್ಚಿನ ಗಂಟೆ ಬಾರಿಸಿದಾಗಲೆಲ್ಲ ನನ್ನ ಕಾಲು ನಿಲ್ಲುತ್ತದೆ. ನೀನು ಟೇಬಲ್ಲಿನ ಮೇಲೆ ಇಟ್ಟಾಗ ಆ ಎರಕ ಮಾಡಿದ ಸದ್ದು — ಡಬ್ ಎಂದು, ಮಣ್ಣಿನ ಹೆಂಟೆ ಬಿದ್ದಂತೆ — ಅದೇ ಕಿವಿಯಲ್ಲಿ ಕೇಳುತ್ತದೆ. ಮಳೆ ಬಿದ್ದಾಗ ಹಿತ್ತಲಿನಿಂದ ಸುಟ್ಟ ಉಸುಕಿನ ವಾಸನೆ ಬರುತ್ತದೆ. ಗುಡ್ಡೆ ತೆಗೆಸಿಬಿಟ್ಟೆ, ಮೇಲೆ ಕಾಂಕ್ರೀಟು ಹಾಕಿಸಿದೆ. ವಾಸನೆ ಬರುತ್ತದೆ. ಹೆಂಡತಿಯನ್ನು ಕೇಳಿದರೆ ಏನೂ ಇಲ್ಲವಲ್ಲ ಎನ್ನುತ್ತಾಳೆ.

ಇಷ್ಟರ ಮೇಲೂ ನಾನು ಸುಮ್ಮನೇ ಸತ್ತುಹೋಗುತ್ತಿದ್ದೆನೇನೋ. ನಿನ್ನ ಅಣ್ಣನ ಮಗಳು ಪಲ್ಲವಿ ಬಿಡಲಿಲ್ಲ.

ಖಾನಾಪುರದ ಮಣ್ಣಿನಿಂದ ಚಹಾದ ಕಪ್ಪು, ಗಡಿಗೆ ಮಾಡಿ ಬೆಳಗಾವಿಯ ಹೋಟೆಲುಗಳಿಗೆ ಕೊಡುವ ಅವಳ ಕೆಲಸ ನಿನಗೆ ಗೊತ್ತೇ ಇದೆ. ಹೋದ ತಿಂಗಳು ಅವಳ ಭಟ್ಟಿಯ ಪೂಜೆಗೆ ನನ್ನನ್ನು ಕರೆದಳು. ಸಭೆಯಲ್ಲಿ ನನ್ನ ಭಾಷಣ ಕೇಳಿದ್ದಳಂತೆ. ನೀನು ಅವಳ ಸೋದರತ್ತೆ ಎಂದು ನನಗೆ ತಿಳಿದದ್ದು ಅಲ್ಲಿ, ನೀನು ಆರತಿ ತಟ್ಟೆ ಹಿಡಿದು ಹೊರಗೆ ಬಂದಾಗ. ಕೂದಲು ನೆರೆತಿತ್ತು. ನನ್ನನ್ನು ಕಂಡು ನಕ್ಕೆ — ಖರೇನೇ ನಕ್ಕೆ. "ಬರ್ರಿ ಕಾಕಾ, ಕುಂದರ್ರಿ. ಎಷ್ಟ ಸೊರಗೀರಿ!" ಅಂದೆ.

ಪಲ್ಲವಿ ಕಡ್ಡಿಪೆಟ್ಟಿಗೆಯನ್ನು ನಿನ್ನ ಮುಂದೆ ಹಿಡಿದಳು. "ಅತ್ತಿ, ಭಟ್ಟಿ ನೀವ ಹಚ್ಚರಿ."

ನೀನು ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

"ನಾ ಬ್ಯಾಡವಾ. ನನ್ನ ಕೈ ಛಲೋ ಇಲ್ಲ, ನಿನಗ ಗೊತ್ತೈತಿಲ್ಲ? ಮನ್ಯಾಗ ಹಾಲಿಗೂ ನಾ ಹೆಪ್ಪು ಹಾಕಂಗಿಲ್ಲ. ಕಾಕಾರ ಕೈಲೆ ಹಚ್ಚಿಸು, ಅವ್ರದು ದೊಡ್ಡ ಕೈ."

ಹಾಲಿಗೂ ಹೆಪ್ಪು ಹಾಕುವುದಿಲ್ಲ. ಇಷ್ಟು ವರ್ಷ, ಪ್ರತಿ ಸಂಜೆ, ಮನೆಯಲ್ಲಿ ಬೇರೆ ಯಾರಾದರೂ — ನನಗೆ ಮುಂದೆ ಯೋಚಿಸಲು ಆಗಲಿಲ್ಲ. ಕಡ್ಡಿಪೆಟ್ಟಿಗೆ ನನ್ನ ಕೈಗೆ ಬಂದಿತ್ತು. ಎಲ್ಲರೂ ನೋಡುತ್ತಿದ್ದರು. ಆಗಲೇ ಹೇಳಬೇಕಿತ್ತು. ಸುನಂದಾ, ನಾನು ಹೇಳಲಿಲ್ಲ. ಕಡ್ಡಿ ಗೀರಿದೆ, ಭಟ್ಟಿ ಹಚ್ಚಿದೆ, ಜನ ಚಪ್ಪಾಳೆ ತಟ್ಟಿದರು. ನೀನೂ ತಟ್ಟಿದೆ, ಆ ಕೈಗಳಿಂದಲೇ.

ಕ್ಷಮಿಸು ಎನ್ನಲಾರೆ. ಆ ಮಾತಿಗೆ ನನ್ನ ಬಾಯಿ ಯೋಗ್ಯವಲ್ಲ, ಮತ್ತು ನೀನು ಥಟ್ಟನೆ ಕ್ಷಮಿಸಿಬಿಡುತ್ತೀಯ ಎಂಬ ಭಯವೂ ಇದೆ. ಮುಂದಿನ ಸಭೆಗೆ ಕರೆ ಬಂದಿದೆ. ಹೋಗುತ್ತೇನೆ. ಶಾಲು ಹೊದೆಯುವುದಿಲ್ಲ. ಇಲ್ಲಿ ಬರೆದದ್ದನ್ನೇ ಅಲ್ಲಿ ಬಾಯಿಬಿಟ್ಟು ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಖಾನಾಪುರಕ್ಕೆ ಬರುತ್ತೇನೆ, ನಿನ್ನ ಅಣ್ಣ ಮತ್ತು ಪಲ್ಲವಿ ಇಬ್ಬರೂ ಮನೆಯಲ್ಲಿರುವ ಹೊತ್ತಿಗೆ. ಅವರೆದುರಿಗೆ ನಿನಗೆ ಹೇಳಬೇಕು. ಹೇಳಿದ ಮೇಲೆ ಹೊರಗೆ ಹೋಗು ಎಂದರೆ ಹೋಗುತ್ತೇನೆ.

ಮಣ್ಣಿನ ಭಟ್ಟಿ ಒಂದೇ ಸಲ ಹಚ್ಚುವಂಥದ್ದಲ್ಲ. ಹಸಿ ಗಡಿಗೆ ತುಂಬಿದಾಗಲೆಲ್ಲ ಹೊಸದಾಗಿ ಹಚ್ಚಬೇಕು. ಮುಂದಿನ ಸಲ ಪಲ್ಲವಿ ಕಡ್ಡಿಪೆಟ್ಟಿಗೆ ಹಿಡಿದು ನಿಂತಾಗ ನೀನು ಹಚ್ಚುತ್ತೀಯೋ ಇಲ್ಲವೋ, ಅದನ್ನು ಕೇಳುವ ಹಕ್ಕು ನನಗಿಲ್ಲ. ನಿನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ ಸುನಂದಾ. ಅವತ್ತೂ ಇರಲಿಲ್ಲ.